ಫೈಲಿನಲ್ಲಿ ಉಳಿದುಹೋದ ಒಂದು ಸಾಲು

ಇಂಗ್ಲೆಂಡಿನ ಒಂದು ಮೀಡಿಯಂ ಸೆಕ್ಯೂರ್, ಅಂದರೆ ಮಧ್ಯಮ ಭದ್ರತೆಯ, ಮಾನಸಿಕ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದ ಮೊದಲ ವಾರ ಕಾಯಿಲೆಯ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಬೀಗದ ಬಗ್ಗೆ ಮಾತಾಡಿದರು. ಬೀಗದ ಕೈ ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಪೌಚಿನಲ್ಲೇ ಇರಬೇಕು. ಅದರ ಹಲ್ಲುಗಳು ರೋಗಿಗಳ ಕಣ್ಣಿಗೆ ಬೀಳಬಾರದು. ಮರೆತು ಮನೆಗೆ ಒಯ್ದರೆ ದೊಡ್ಡ ರಾದ್ಧಾಂತ. ಒಳಗೆ ಹೋಗಲು ಎರಡು ಬಾಗಿಲು, ಒಂದು ಪೂರ್ತಿ ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ, ನಡುವಿನ ಆ ಪುಟ್ಟ ಜಾಗಕ್ಕೆ ಏರ್‌ಲಾಕ್ ಅಂತಾರೆ. ಊಟ ಆದಮೇಲೆ ಚಮಚ, ಫೋರ್ಕು ಎಣಿಸಬೇಕು. ಒಂದು ಕಮ್ಮಿ ಬಂದರೂ ಸಿಗುವವರೆಗೆ ಯಾರೂ ಕದಲುವ ಹಾಗಿಲ್ಲ. ಹೊರಗೆ ಸುತ್ತಲೂ 5.2 ಮೀಟರ್ ಎತ್ತರದ ಬೇಲಿ.

ಎರಡನೇ ವಾರ ಬೀಗಗಳು ಅಭ್ಯಾಸವಾದವು. ಆಮೇಲೆ ಕಣ್ಣಿಗೆ ಬಿದ್ದದ್ದು ಊಟದ ಕೋಣೆಯಲ್ಲಿ ಕೂತವರ ಮುಖಗಳು. ಸುಮಾರು ಅರ್ಧದಷ್ಟು ಜನ ಕಪ್ಪು ಗಂಡಸರು. ಆಫ್ರಿಕಾದಿಂದ ಬಂದವರು, ಕೆರಿಬಿಯನ್ ಮೂಲದವರು, ಇಲ್ಲೇ ಹುಟ್ಟಿ ಇಲ್ಲಿನ ಶಾಲೆಯಲ್ಲೇ ಓದಿದವರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜನಗಣತಿಯ ಪ್ರಕಾರ ಕಪ್ಪು ಜನರ ಪಾಲು ಶೇ. 4. ಬೇಲಿಯ ಹೊರಗಿನ ಲೆಕ್ಕಕ್ಕೂ ಒಳಗಿನ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ. ನಾನು ಅದನ್ನು ನೋಡಿದೆ, ಆದರೆ ಯಾರನ್ನೂ ಕೇಳಲಿಲ್ಲ. ಹೊಸಬರು ಕೇಳುವುದಿಲ್ಲ. ಇನ್ನೊಂದು ವಾರ ಕಳೆಯುವಷ್ಟರಲ್ಲಿ ನನಗೂ ಅದು ಮಾಮೂಲಾಗಿಹೋಯಿತು. ಈ ಬರಹ ಬರೆಯೋಕೆ ಅದೇ ಕಾರಣ.

ಒಬ್ಬ ಹುಡುಗನ ವಿಷಯ ಹೇಳಬೇಕು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ನಡೆದದ್ದನ್ನು ಬದಲಿಸಿಲ್ಲ. ಇಪ್ಪತ್ತಾರು ವಯಸ್ಸು. ತಂದೆತಾಯಿ ಘಾನಾದವರು. ಎತ್ತರದ ಆಳು, ದನಿಯೂ ದೊಡ್ಡದು. ಕೋರ್ಟು ಅವನನ್ನು ಜೈಲಿನ ಬದಲು ಆಸ್ಪತ್ರೆಗೆ ಕಳಿಸಿತ್ತು. ಇಲ್ಲಿನ ಭಾಷೆಯಲ್ಲಿ 37/41, ಎರಡೂ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ನುಗಳು. 37 ಅಂದರೆ ಆಸ್ಪತ್ರೆಗೆ ಕಳಿಸುವ ಆದೇಶ. ಅದರ ಜೊತೆ 41 ಸೇರಿದರೆ ಡಾಕ್ಟರ್ ಮನಸ್ಸು ಮಾಡಿದರೂ ಸುಮ್ನೆ ಬಿಡೋಕೆ ಆಗಲ್ಲ, ಬಿಡುಗಡೆ ಇರಲಿ, ಬೇಲಿಯ ಆಚೆ ಅರ್ಧ ಗಂಟೆ ಸುತ್ತಾಡಿ ಬರೋಕೂ ಲಂಡನ್ನಿನ ನ್ಯಾಯ ಇಲಾಖೆಯಿಂದ ಅನುಮತಿ ಬರಬೇಕು. ಅದಕ್ಕೆ ಲೀವ್ ಅಂತಾರೆ. ಒಳಗಿರುವವರ ಮಾತೆಲ್ಲ ಲೀವ್ ಸುತ್ತಲೇ ಸುತ್ತುತ್ತದೆ. ಯಾರಿಗೆ ಸಿಕ್ಕಿತು, ಯಾರದ್ದು ನಿಂತಿತು, ಎಷ್ಟು ನಿಮಿಷ, ಜೊತೆಗೆ ಎಷ್ಟು ಸಿಬ್ಬಂದಿ.

ಒಂದು ಸಂಜೆ ಅವನು ವಾರ್ಡಿನ ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದ. ಅವರ ಭಾಷೆ ಟ್ವಿ. ದನಿ ಏರಿತ್ತು, ಒಂದು ಕೈ ಗಾಳಿಯಲ್ಲಿ ಬೀಸುತ್ತಿತ್ತು, ನಡುವೆ ಒಮ್ಮೆ ಗೋಡೆಗೆ ಅಂಗೈಯಿಂದ ಬಡಿದ. ಆ ಶಿಫ್ಟಿನಲ್ಲಿ ಅವನ ಬಗ್ಗೆ ಕಂಪ್ಯೂಟರಿನಲ್ಲಿ ಬರೆಯಬೇಕಾದವರು ನಾನು. ಹೀಗೆ ಬರೆದೆ: ಫೋನಿನಲ್ಲಿ ಏರು ದನಿ, ಉದ್ವಿಗ್ನನಾಗಿದ್ದ, ಗೋಡೆಗೆ ಬಡಿದ, ನಿಗಾ ಇಡಬೇಕು.

ಬರೆದು ಸೇವ್ ಮಾಡಿ ಔಷಧಿ ಹಂಚಲು ಹೋದೆ. ಅಷ್ಟೇ.

ಡಾಕ್ಟರ್, ನರ್ಸ್ ಎಲ್ಲ ಸೇರಿ ರೋಗಿಗಳ ಬಗ್ಗೆ ಚರ್ಚಿಸುವ ಆ ವಾರದ ವಾರ್ಡ್ ರೌಂಡಿನಲ್ಲಿ ಆ ಸಾಲನ್ನು ಓದಲಾಯಿತು. ತಿಂಗಳುಗಟ್ಟಲೆ ಕಾದು ಸಿಕ್ಕಿದ್ದ ಅವನ ಮೊದಲ ಲೀವ್ ಎರಡು ವಾರ ಮುಂದಕ್ಕೆ ಹೋಯಿತು. ತಿಂಗಳುಗಳ ನಂತರ, ಬಿಡುಗಡೆಯ ಬಗ್ಗೆ ತೀರ್ಮಾನಿಸುವ ಟ್ರಿಬ್ಯುನಲ್‌ಗೆ ಕಳಿಸುವ ವರದಿಯಲ್ಲಿ ಅದು ಇನ್ನೊಂದು ರೂಪ ಪಡೆದಿತ್ತು: ಕುಟುಂಬದವರ ಫೋನ್ ಕರೆಗಳ ನಂತರ ಉದ್ವಿಗ್ನನಾಗುವ ಇತಿಹಾಸವಿದೆ. ಕರೆ ಕರೆಗಳಾಗಿತ್ತು. ಒಂದು ಸಂಜೆ ಇತಿಹಾಸವಾಗಿತ್ತು. ಬರೆದವರು ಕೆಟ್ಟವರಲ್ಲ, ಕೈತುಂಬ ಕೆಲಸ ಇದ್ದವರು, ಹಳೆಯ ನೋಟ್ಸ್ ನೋಡಿ ಸಾರ ಬರೆದರು.

ಆಮೇಲೆ ಒಂದು ರಾತ್ರಿ ಪಾಳಿಯಲ್ಲಿ ಘಾನಾದವರೇ ಆದ ಒಬ್ಬ ಸಹಾಯಕಿ ಟೀ ಕುಡಿಯುತ್ತಾ ಹೇಳಿದರು. "ಅವತ್ತು ಅವನು ಜಗಳ ಆಡ್ತಿರಲಿಲ್ಲ. ಲೀವ್ ಸಿಕ್ಕಿತು ಅಂತ ಅಮ್ಮನಿಗೆ ಹೇಳ್ತಿದ್ದ. ಅಮ್ಮ ಆ ಕಡೆ ಖುಷಿಗೆ ಅಳ್ತಿದ್ದರು. ಅವನು, ಅಳಬೇಡ ಅಂದ್ರೆ ಕೇಳಲ್ವಲ್ಲ ನೀನು, ಅಂತಿದ್ದ."

ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಾನು ಬ್ಯಾಂಕ್ ಶಿಫ್ಟಿನವಳು. ನನ್ನ ಮಾತು ಫೈಲಿಗೆ ಹೋಗುತ್ತಾ?" ಅಂದರು. ಬ್ಯಾಂಕ್ ಶಿಫ್ಟ್ ಅಂದರೆ ಜನ ಕಮ್ಮಿ ಇದ್ದಾಗ ಮಾತ್ರ ಕರೆಸಿಕೊಳ್ಳುವ ಕೆಲಸ.

ನಾನೂ ಬಿಳಿಯ ಅಲ್ಲ. ನನ್ನ ಮನೆಯಲ್ಲೂ ಫೋನಿನಲ್ಲಿ ಮಾತಾಡುವವರು ಪಕ್ಕದ ಬೀದಿಗೆ ಕೇಳುವ ಹಾಗೆಯೇ ಮಾತಾಡುತ್ತಾರೆ. ಆದರೂ ಆ ಸಂಜೆ ಆ ಎತ್ತರದ ಹುಡುಗನ ದನಿಯಲ್ಲಿ ನನಗೆ ಖುಷಿ ಕೇಳಿಸಲಿಲ್ಲ. ಹೆದರಿಕೆ ಅನ್ನೋದು ಆ ವಾರ್ಡಿನ ಗಾಳಿಯಲ್ಲೇ ಇತ್ತು, ಬೀಗದ ಕೈ ಜೊತೆಗೇ ನನ್ನ ಕೈಗೆ ಬಂದಿತ್ತು. ಹಾಗಾಗಿ ಯಾರಾದರೂ ಇದೆಲ್ಲ ನಾಲ್ಕು ಜನ ಕೆಟ್ಟ ಸಿಬ್ಬಂದಿಯ ವಿಷಯ ಅಂದರೆ ನಾನು ಒಪ್ಪಲ್ಲ. ನಮ್ಮ ವಾರ್ಡಿನಲ್ಲಿ ಸಿಬ್ಬಂದಿಯಲ್ಲೂ ಕಪ್ಪು ಜನ ಬೇಕಾದಷ್ಟಿದ್ದರು. ಆದರೂ ಫೈಲು ಫೈಲಿನ ಹಾಗೇ ಬೆಳೆಯುತ್ತಿತ್ತು.

ಈಗ ದೊಡ್ಡ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ಒಬ್ಬರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಮಾನಸಿಕ ಆಸ್ಪತ್ರೆಯಲ್ಲಿ ಇಡುವುದು 1983ರ ಮಾನಸಿಕ ಆರೋಗ್ಯ ಕಾಯ್ದೆಯ ಅಡಿಯಲ್ಲಿ. ಜನರ ಬಾಯಲ್ಲಿ ಅದು "ಸೆಕ್ಷನ್ ಮಾಡಿದರು". ಸೆಕ್ಷನ್ 2 ಆದರೆ ತಪಾಸಣೆಗೆ 28 ದಿನದವರೆಗೆ. ಸೆಕ್ಷನ್ 3 ಆದರೆ ಚಿಕಿತ್ಸೆಗೆ ಮೊದಲ ಸಲ 6 ತಿಂಗಳವರೆಗೆ. ಇವೆರಡಕ್ಕೂ ಇಬ್ಬರು ಡಾಕ್ಟರ್ ಬೇಕು, ಜೊತೆಗೆ ಅದಕ್ಕೆಂದೇ ತರಬೇತಿ ಪಡೆದ ಒಬ್ಬ ಅಧಿಕಾರಿ ಬೇಕು, ಹೆಚ್ಚಾಗಿ ಸಾಮಾಜಿಕ ಕಾರ್ಯಕರ್ತರು. ಪೊಲೀಸರಿಗೆ ಸೆಕ್ಷನ್ 136 ಇದೆ, ಬೀದಿಯಲ್ಲಿ ಯಾರಾದರೂ ಮಾನಸಿಕವಾಗಿ ತೀರಾ ಹದಗೆಟ್ಟ ಹಾಗೆ ಕಂಡರೆ ಸುರಕ್ಷಿತ ಜಾಗಕ್ಕೆ ಕರೆದೊಯ್ಯಬಹುದು.

2023ರ ಮಾರ್ಚ್‌ಗೆ ಕೊನೆಯಾದ ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಪ್ರತಿ 1 ಲಕ್ಷ ಕಪ್ಪು ಜನರಿಗೆ ಹೀಗೆ ಸೆಕ್ಷನ್ ಆದದ್ದು ಸುಮಾರು 228 ಸಲ. ಬಿಳಿಯರಲ್ಲಿ 64. ಮೂರೂವರೆ ಪಟ್ಟು ಜಾಸ್ತಿ. 2017-18ರ ಅಂಕಿ ಇನ್ನೂ ಕೆಟ್ಟದಾಗಿತ್ತು, 289ಕ್ಕೆ 72, ಅಂದರೆ ನಾಲ್ಕು ಪಟ್ಟು. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಅಲ್ಲಿಯವರೆಗಿನ 71 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ಕೆರಿಬಿಯನ್ ಮತ್ತು ಆಫ್ರಿಕನ್ ಮೂಲದವರಿಗೆ ಬಲವಂತದ ದಾಖಲಾತಿಯ ಸಾಧ್ಯತೆ ಬಿಳಿಯರಿಗಿಂತ ಎರಡು ಪಟ್ಟಿಗೂ ಮೀರಿ ಇತ್ತು. ನಮ್ಮ ದಕ್ಷಿಣ ಏಷ್ಯಾದವರಿಗೂ ಜಾಸ್ತಿಯೇ, ಆದರೆ ಅಷ್ಟಿಲ್ಲ.

ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು ಅಂಕಿ. 2014ರಲ್ಲಿ ಇಂಗ್ಲೆಂಡಿನ ವಯಸ್ಕರ ಮಾನಸಿಕ ಆರೋಗ್ಯದ ದೊಡ್ಡ ಸಮೀಕ್ಷೆ ನಡೆಯಿತು. ಮಾತ್ರೆಯೋ ಆಪ್ತಸಮಾಲೋಚನೆಯೋ, ಯಾವುದಾದರೂ ಒಂದು ಚಿಕಿತ್ಸೆ ಪಡೆಯುತ್ತಿದ್ದ ಬಿಳಿ ಬ್ರಿಟಿಷರು ಶೇ. 13.3. ಕಪ್ಪು ಜನರಲ್ಲಿ ಶೇ. 6.5. ಈ ಅಂಕಿಯನ್ನು ಮೇಲಿನ ಅಂಕಿಯ ಪಕ್ಕ ಇಟ್ಟು ನೋಡಿ. ಬೇಗ ಸಿಗಬೇಕಾದ, ಮೆತ್ತಗಿನ ಚಿಕಿತ್ಸೆ ಅರ್ಧಕ್ಕರ್ಧ ಕಮ್ಮಿ. ತಡವಾಗಿ ಬರುವ, ಬೀಗ ಹಾಕಿದ ಚಿಕಿತ್ಸೆ ಮೂರು ನಾಲ್ಕು ಪಟ್ಟು ಜಾಸ್ತಿ. ಒಂದೇ ಜನ, ಅಲ್ವಾ?

"ಅವರಲ್ಲಿ ಕಾಯಿಲೆಯೇ ಜಾಸ್ತಿ, ಅದಕ್ಕೇ" ಅನ್ನುವ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ತಳ್ಳಿಹಾಕುವ ಮಾತೂ ಅಲ್ಲ. ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್ ಈ ಮೂರು ಊರುಗಳಲ್ಲಿ ಈಸೋಪ್ ಅನ್ನುವ ಹೆಸರಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು, 2006ರಲ್ಲಿ ಪ್ರಕಟವಾಯಿತು. ಸ್ಕಿಜೋಫ್ರೇನಿಯಾ ಹೊಸದಾಗಿ ಕಾಣಿಸಿಕೊಳ್ಳುವ ಪ್ರಮಾಣ ಬಿಳಿ ಬ್ರಿಟಿಷರಿಗೆ ಹೋಲಿಸಿದರೆ ಕೆರಿಬಿಯನ್ ಮೂಲದವರಲ್ಲಿ ಸುಮಾರು ಒಂಬತ್ತು ಪಟ್ಟು, ಆಫ್ರಿಕನ್ ಮೂಲದವರಲ್ಲಿ ಆರು ಪಟ್ಟಿನ ಹತ್ತಿರ ಇತ್ತು. ಆದರೆ ಕೆರಿಬಿಯನ್ ದ್ವೀಪಗಳಲ್ಲೇ ಹೋಗಿ ಲೆಕ್ಕ ಹಾಕಿದವರಿಗೆ ಅಷ್ಟು ಪ್ರಮಾಣ ಸಿಗಲಿಲ್ಲ. ಹಾಗಾದರೆ ರಕ್ತದಲ್ಲಿದೆ ಅಂತ ಹೇಳಿ ಕೈತೊಳೆದುಕೊಳ್ಳೋಕೆ ಆಗಲ್ಲ. ಲಂಡನ್ನಿನಲ್ಲಿ 2001ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಬಿಳಿಯರಲ್ಲದವರು ಯಾವ ಬಡಾವಣೆಯಲ್ಲಿ ಕಡಿಮೆ ಇದ್ದಾರೋ ಅಲ್ಲಿ ಅವರಿಗೆ ಕಾಯಿಲೆ ಬರುವುದು ಹೆಚ್ಚಾಗಿತ್ತು. ಸುತ್ತ ತನ್ನವರಿಲ್ಲದ ಬೀದಿಯಲ್ಲಿ ದಿನಾ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ಬರುವುದಕ್ಕೂ ಮನಸ್ಸು ಒಂದು ಬೆಲೆ ತೆರುತ್ತದೆ. ನಾನು ಪುಸ್ತಕ ಓದಿ ಹೇಳುತ್ತಿರುವ ಮಾತಲ್ಲ ಇದು.

ಕಾಯಿಲೆ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಲೆಕ್ಕ ಸರಿಹೋಗಲ್ಲ. ಅದೇ ಈಸೋಪ್ ಅಧ್ಯಯನದವರು ಕಾಯಿಲೆಯ ಬಗೆಯನ್ನೂ ಬೇರೆ ಕೆಲವು ಅಂಶಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕೆರಿಬಿಯನ್ ಮೂಲದವರು, ಅದರಲ್ಲೂ ಗಂಡಸರು, ಬಲವಂತವಾಗಿಯೇ ದಾಖಲಾಗುವುದು ಹೆಚ್ಚಾಗಿತ್ತು. 2019ರ ಆ ದೊಡ್ಡ ಪರಿಶೀಲನೆ ಇನ್ನೊಂದು ಮಾತನ್ನೂ ಹೇಳಿತು: ಸಂಶೋಧಕರು ಈ ವ್ಯತ್ಯಾಸಕ್ಕೆ ಕೊಟ್ಟ ಎಷ್ಟೋ ವಿವರಣೆಗಳಿಗೆ ಅವರದೇ ಅಧ್ಯಯನದಲ್ಲಿ ಪುರಾವೆ ಇರಲಿಲ್ಲ. ಅಂದರೆ ಓದಿದವರೂ ತಮಗೆ ಮೊದಲೇ ಅನ್ನಿಸಿದ್ದನ್ನು ಬರೆದಿದ್ದಾರೆ. ನಾನು ಆ ಸಂಜೆ ಬರೆದ ಹಾಗೆಯೇ.

ವ್ಯತ್ಯಾಸ ಹುಟ್ಟುವುದು ಹೆಚ್ಚಾಗಿ ಆಸ್ಪತ್ರೆಯ ಬಾಗಿಲಿಗೆ ಬರುವ ದಾರಿಯಲ್ಲಿ. ಬಿಳಿ ಕುಟುಂಬದ ಹುಡುಗ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಅಮ್ಮ ಮನೆ ಹತ್ತಿರದ ಜಿಪಿಗೆ, ಅಂದರೆ ಕುಟುಂಬದ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಜಿಪಿ ಚೀಟಿ ಬರೆಯುತ್ತಾರೆ. ಕಪ್ಪು ಹುಡುಗ ಅದೇ ಕಾಯಿಲೆಯಲ್ಲಿ ಪೊಲೀಸರ ಮೂಲಕ, ಕೋರ್ಟಿನ ಮೂಲಕ, ಜೈಲಿನ ಮೂಲಕ ಬರುವುದು ಜಾಸ್ತಿ. ದಾರಿ ಬೇರೆಯಾದರೆ ತಲುಪುವ ವಾರ್ಡೂ ಬೇರೆ. ಪೊಲೀಸ್ ವ್ಯಾನಿನಲ್ಲಿ ಬಂದವನ ಜೊತೆಗೆ ಒಂದು ವರದಿ ಬರುತ್ತದೆ. ಬೇಡಿ ಹಾಕುವಾಗ ಕೊಸರಾಡಿದ, ಅಂತ ಅದರಲ್ಲಿರುತ್ತದೆ. ಯಾರೋ ನಿನ್ನನ್ನು ಕೊಲ್ಲೋಕೆ ಬರ್ತಿದ್ದಾರೆ ಅಂತ ತಲೆಯೊಳಗಿನ ದನಿಗಳು ಹೇಳುತ್ತಿರುವಾಗ ನಾಲ್ಕು ಜನ ಬಂದು ನೆಲಕ್ಕೆ ಕೆಡವಿದರೆ ಯಾರು ಕೊಸರಾಡಲ್ಲ? ಆದರೆ ಆ ಸಾಲು ರಿಸ್ಕ್ ಕಾಲಂಗೆ ಹೋಗುತ್ತದೆ. ಆ ಕಾಲಂ ತುಂಬಿದಷ್ಟೂ ಭದ್ರತೆಯ ಮಟ್ಟ ಏರುತ್ತದೆ. ಲೋ, ಮೀಡಿಯಂ, ಹೈ. ಹೈ ಅಂದರೆ ಇಂಗ್ಲೆಂಡಿನಲ್ಲಿ ಮೂರೇ ಆಸ್ಪತ್ರೆ: ಬ್ರಾಡ್‌ಮೂರ್, ರ‍್ಯಾಂಪ್ಟನ್, ಆಶ್‌ವರ್ತ್.

ಬ್ರಾಡ್‌ಮೂರ್ ಅಂದರೆ ಆರ್ವಿಲ್ ಬ್ಲ್ಯಾಕ್‌ವುಡ್ ನೆನಪಾಗುತ್ತಾರೆ. 1991ರ ಆಗಸ್ಟ್ 28ರಂದು ಅವರು ಅಲ್ಲಿನ ಒಂಟಿ ಕೋಣೆಯಲ್ಲಿ ಬಲವಂತದ ಇಂಜೆಕ್ಷನ್ ಆದಮೇಲೆ ತೀರಿಕೊಂಡರು. ವಯಸ್ಸು 31. ಅವರಿಗಿಂತ ಮೊದಲು ಅದೇ ಆಸ್ಪತ್ರೆಯಲ್ಲಿ 1984ರಲ್ಲಿ ಮೈಕೆಲ್ ಮಾರ್ಟಿನ್, 1988ರಲ್ಲಿ ಜೋಸೆಫ್ ವಾಟ್ಸ್. ಮೂವರೂ ಕಪ್ಪು ಗಂಡಸರು. ಹರ್ಷೆಲ್ ಪ್ರಿನ್ಸ್ ಅವರ ಸಮಿತಿ 1993ರಲ್ಲಿ ಕೊಟ್ಟ ವರದಿಯ ಶೀರ್ಷಿಕೆಯಲ್ಲೇ ಒಂದು ಪ್ರಶ್ನೆ ಇತ್ತು: ದೊಡ್ಡ ಮೈ, ಕಪ್ಪು ಬಣ್ಣ, ಅಪಾಯಕಾರಿ? ಆ ಮೂರು ಪದಗಳನ್ನು ಓದಿದಾಗ ನನಗೆ ನಮ್ಮ ಹ್ಯಾಂಡೋವರ್ ನೆನಪಾಯಿತು. ಶಿಫ್ಟ್ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ರೋಗಿಗಳ ಬಗ್ಗೆ ಹೇಳುತ್ತೇವಲ್ಲ, ಅದು. "ದೊಡ್ಡ ಆಳು, ಹುಷಾರು" ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಷ್ಟೇ ಎತ್ತರದ ಬಿಳಿ ರೋಗಿಯ ಬಗ್ಗೆ ಯಾರೂ ಅಳತೆ ಹೇಳುತ್ತಿರಲಿಲ್ಲ.

ಡೇವಿಡ್ ಬೆನೆಟ್ ಅವರ ಕಥೆ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅವರು ಸತ್ತದ್ದು ನಾನು ಕೆಲಸ ಮಾಡಿದಂಥ ಮೀಡಿಯಂ ಸೆಕ್ಯೂರ್ ಆಸ್ಪತ್ರೆಯಲ್ಲೇ, ನಾರಿಚ್‌ನ ನಾರ್ವಿಕ್ ಕ್ಲಿನಿಕ್‌ನಲ್ಲಿ. 1993ರಲ್ಲಿ ಅವರು ಅಲ್ಲಿನ ನರ್ಸಿಂಗ್ ಮುಖ್ಯಸ್ಥರಿಗೆ ಒಂದು ಕಾಗದ ಬರೆದಿದ್ದರು. ಇಲ್ಲಿ ಆರಕ್ಕೂ ಹೆಚ್ಚು ಕಪ್ಪು ಹುಡುಗರಿದ್ದೇವೆ, ಸಿಬ್ಬಂದಿಯಲ್ಲಿ ಆಫ್ರಿಕನ್ನರು ಒಬ್ಬರೂ ಇಲ್ಲ, ಕನಿಷ್ಠ ಇಬ್ಬರಾದರೂ ಇರಬೇಕು ಅಂತ. ಎಷ್ಟು ವಿನಯದ ಕೋರಿಕೆ! ಐದು ವರ್ಷ ಕಳೆಯಿತು. 1998ರ ಅಕ್ಟೋಬರ್ 30ರ ರಾತ್ರಿ ಇನ್ನೊಬ್ಬ ರೋಗಿಯ ಜೊತೆ ಜಗಳವಾಯಿತು, ಆ ಮನುಷ್ಯ ಅವರ ಬಣ್ಣ ಹಿಡಿದು ಬೈದ. ಬೇರೆ ವಾರ್ಡಿಗೆ ಕಳಿಸಿದ್ದು ಬೆನೆಟ್ ಅವರನ್ನು. ಅಲ್ಲಿ ಅವರು ಒಬ್ಬ ನರ್ಸ್‌ಗೆ ಹೊಡೆದರು. ನರ್ಸ್‌ಗಳು ಸೇರಿ ಅವರನ್ನು ನೆಲಕ್ಕೆ ಬೋರಲು ಒತ್ತಿ ಸುಮಾರು 25 ನಿಮಿಷ ಹಿಡಿದರು. ಅವರು ಏಳಲಿಲ್ಲ. 38 ವರ್ಷ.

ಹಾಗೆ ಹಿಡಿಯುವ ತರಬೇತಿ ನಮಗೂ ಕೊಡುತ್ತಾರೆ. ಜಿಮ್ಮಿನಂಥ ಒಂದು ಹಾಲ್, ನೆಲಕ್ಕೆ ಮ್ಯಾಟು, ಸಹೋದ್ಯೋಗಿಗಳೇ ಸರದಿಯಲ್ಲಿ ರೋಗಿಗಳಾಗುತ್ತಾರೆ. ನನ್ನ ಸರದಿಯಲ್ಲಿ ನನ್ನನ್ನು ಹಿಡಿದವರು ಗೆಳೆಯರು, ಕೋಣೆಯಲ್ಲಿ ನಗುವಿತ್ತು, ಬೇಡ ಅಂದರೆ ಆ ಕ್ಷಣ ಬಿಡುತ್ತಾರೆ ಅಂತಲೂ ಗೊತ್ತಿತ್ತು. ಆದರೂ ಕೆನ್ನೆ ಮ್ಯಾಟಿಗೆ ತಾಗಿ ಎರಡೂ ತೋಳು ಬೇರೆಯವರ ಕೈಗೆ ಹೋದಮೇಲೆ ಅರ್ಧ ನಿಮಿಷಕ್ಕೇ ಉಸಿರು ಸಾಲದ ಹಾಗಾಯಿತು. ಗೋಡೆ ಗಡಿಯಾರ ನೋಡುತ್ತಾ ಇದ್ದೆ. 25 ನಿಮಿಷ ಅನ್ನೋದನ್ನು ಆಮೇಲೆ ವರದಿಯಲ್ಲಿ ಓದಿದಾಗ ಆ ಮ್ಯಾಟಿನ ವಾಸನೆ ಮತ್ತೆ ಮೂಗಿಗೆ ಬಂತು.

ಜಾನ್ ಬ್ಲೋಫೆಲ್ಡ್ ಅವರ ವಿಚಾರಣಾ ಸಮಿತಿ 2004ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಒಳಗಿನ ಜನಾಂಗ ಭೇದವನ್ನು ಅದು ಕೀವು ತುಂಬಿದ ಹುಣ್ಣು ಅಂತ ಕರೆಯಿತು. ಬೋರಲು ಮಲಗಿಸಿ ಹಿಡಿಯುವುದು 3 ನಿಮಿಷ ಮೀರಬಾರದು ಅಂತ ಶಿಫಾರಸು ಮಾಡಿತು. ಆ ಮಿತಿಯನ್ನು ಸರ್ಕಾರ ಒಪ್ಪಲಿಲ್ಲ. 2010ರಲ್ಲಿ ಲಂಡನ್ನಿನ ಬೆತ್ಲೆಮ್ ರಾಯಲ್ ಆಸ್ಪತ್ರೆಯಲ್ಲಿ 23 ವರ್ಷದ ಓಲಸೇನಿ ಲೂಯಿಸ್ ಅವರನ್ನು 11 ಪೊಲೀಸರು ಹಿಡಿದು ಒತ್ತಿದರು, ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಅವರ ತಂದೆತಾಯಿ ವರ್ಷಗಟ್ಟಲೆ ಬಿಡದೆ ಹೋರಾಡಿದ್ದರಿಂದ 2018ರಲ್ಲಿ ಮಾನಸಿಕ ಆಸ್ಪತ್ರೆಗಳಲ್ಲಿ ಬಲಪ್ರಯೋಗದ ಬಗ್ಗೆ ಒಂದು ಕಾಯ್ದೆ ಬಂತು. ಜನ ಅದನ್ನು ಸೇನಿ ಕಾನೂನು ಅಂತಲೇ ಕರೆಯುತ್ತಾರೆ. ಯಾರ ಮೇಲೆ ಬಲ ಬಳಸಿದರು, ಯಾಕೆ, ಎಷ್ಟು ಹೊತ್ತು, ಆ ವ್ಯಕ್ತಿಯ ಜನಾಂಗ ಯಾವುದು, ಎಲ್ಲ ಬರೆದಿಡಬೇಕು.

ಇಂಥ ಸುದ್ದಿಗಳು ಮನೆಮನೆ ತಲುಪುತ್ತವೆ. ಮಗನಿಗೆ ಹುಷಾರಿಲ್ಲ ಅಂತ ಗೊತ್ತಾದ ತಾಯಿ ಈ ಹೆಸರುಗಳನ್ನು ನೆನಪಿಸಿಕೊಳ್ಳುತ್ತಾರೆ, ಫೋನ್ ಮಾಡಲು ಹಿಂಜರಿಯುತ್ತಾರೆ. ಇನ್ನೊಂದು ವಾರ ನೋಡೋಣ, ಇನ್ನೊಂದು ತಿಂಗಳು. ಕೊನೆಗೆ ಕೈಮೀರಿದಾಗ ಬರುವವರು ಪೊಲೀಸರು. 2002ರಲ್ಲೇ ಮಾನಸಿಕ ಆರೋಗ್ಯದ ಬಗ್ಗೆ ಕೆಲಸ ಮಾಡುತ್ತಿದ್ದ ಸೇನ್ಸ್‌ಬರಿ ಸೆಂಟರ್ ಇದನ್ನು ಭಯದ ಸುಳಿ ಅಂತ ಕರೆದು ವರದಿ ಮಾಡಿತ್ತು. ಅವರಿಗೆ ನಮ್ಮ ಭಯ, ನಮಗೆ ಅವರ ಭಯ. ಒಂದೇ ವ್ಯತ್ಯಾಸ, ಬೀಗದ ಕೈ ಇರುವುದು ನಮ್ಮ ಸೊಂಟದಲ್ಲಿ.

ಕಾನೂನು ಬದಲಾಗಿದೆ. ಸೈಮನ್ ವೆಸ್ಲಿ ಅವರ ಸಮಿತಿ 2018ರ ಡಿಸೆಂಬರಿನಲ್ಲಿ ಹಳೆಯ ಕಾಯ್ದೆಯನ್ನು ತಿದ್ದುವ ಬಗ್ಗೆ ವರದಿ ಕೊಟ್ಟಿತು, ಏಳು ವರ್ಷ ಎಳೆದಾಡಿ 2025ರಲ್ಲಿ ಹೊಸ ಕಾಯ್ದೆ ಬಂತು. ತನ್ನ ಪರವಾಗಿ ಮಾತಾಡುವವರನ್ನು ರೋಗಿಯೇ ಆರಿಸಿಕೊಳ್ಳುವ ಅವಕಾಶ ಅದರಲ್ಲಿದೆ. ಮೊದಲು ಯಾರು ಹತ್ತಿರದ ಸಂಬಂಧಿ ಅಂತ ಕಾನೂನೇ ಹೇಳುತ್ತಿತ್ತು, ಮಾತು ಬಿಟ್ಟ ಅಪ್ಪನಾದರೂ ಸರಿ. ಪೊಲೀಸ್ ಠಾಣೆಯ ಲಾಕಪ್ಪನ್ನು ಸುರಕ್ಷಿತ ಜಾಗ ಅಂತ ಬಳಸುವುದೂ ಕೊನೆಯಾಗಬೇಕು. ಒಳ್ಳೆಯದೇ. ಆದರೆ ಆಸ್ಪತ್ರೆಯಿಂದ ಹೊರಗೆ ಬಂದ ಮೇಲೂ ಔಷಧಿ ತಪ್ಪಿದರೆ ಮತ್ತೆ ಒಳಗೆ ಕರೆತರಬಹುದಾದ ಸಮುದಾಯ ಚಿಕಿತ್ಸಾ ಆದೇಶವನ್ನು, ಸಾಮಾನ್ಯ ರೋಗಿಗಳ ಮಟ್ಟಿಗಾದರೂ ತೆಗೆದುಹಾಕಿ ಅಂತ 2023ರಲ್ಲಿ ಸಂಸತ್ತಿನ ಜಂಟಿ ಸಮಿತಿ ಹೇಳಿತ್ತು. ಅದನ್ನು ಬಿಗಿ ಮಾಡಿದರು, ತೆಗೆಯಲಿಲ್ಲ. ವೆಸ್ಲಿ ವರದಿಯ ಹೊತ್ತಿಗೆ ಕಪ್ಪು ಜನರ ಮೇಲೆ ಆ ಆದೇಶದ ಬಳಕೆ ಬಿಳಿಯರಿಗಿಂತ ಎಂಟು ಪಟ್ಟಿಗೂ ಹೆಚ್ಚಿತ್ತು. ತೆಗೆಯಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಆ ಹುಡುಗನಿಗೆ ಕೊನೆಗೆ ಲೋ ಸೆಕ್ಯೂರ್ ವಾರ್ಡಿಗೆ ಹೋಗಲು ಅನುಮತಿ ಬಂತು. ಹೋಗುವ ಮೊದಲು ತನ್ನ ನೋಟ್ಸ್ ನೋಡಬೇಕು ಅಂತ ಅರ್ಜಿ ಹಾಕಿದ. ದಪ್ಪನೆಯ ಕಟ್ಟು ಬಂತು. ಮೂರು ಸಂಜೆ ಊಟದ ಕೋಣೆಯಲ್ಲಿ ಕೂತು ಓದಿದ, ಬೆರಳಿಟ್ಟು ಒಂದೊಂದೇ ಸಾಲು. ನಾಲ್ಕನೇ ಸಂಜೆ ಒಂದು ಹಾಳೆ ಹಿಡಿದು ಆಫೀಸಿನ ಕಿಟಕಿ ಹತ್ತಿರ ಬಂದ.

"ಇದು ನೀವು ಬರೆದದ್ದಾ?"

ಹೌದು ಅಂದೆ. ಕ್ಷಮಿಸು ಅಂದೆ. ಅಮ್ಮನ ವಿಷಯ ನನಗೆ ಆಮೇಲೆ ಗೊತ್ತಾಯಿತು, ಆಗಲೂ ನಾನು ಏನೂ ಮಾಡಲಿಲ್ಲ ಅಂತಲೂ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದರೆ ಅದನ್ನೂ ಬರೆಯುತ್ತಾರೆ ಅಂತ ಅವನಿಗೆ ಅಷ್ಟು ವರ್ಷಗಳಲ್ಲಿ ಗೊತ್ತಾಗಿತ್ತು.

"ಅಳಿಸಿ," ಅಂದ.

ಅಳಿಸೋಕೆ ಬರಲ್ಲ. ಒಮ್ಮೆ ಸೇವ್ ಆದದ್ದನ್ನು ತೆಗೆಯೋಕೆ ನನ್ನಂಥವರಿಗೆ ಆಗಲ್ಲ, ಹೊಸದಾಗಿ ಬರೆದು ಸೇರಿಸಬಹುದು ಅಷ್ಟೇ. ಹಾಗಾದರೆ ನಾನು ಹೇಳ್ತೀನಿ, ನೀವು ಬರೀರಿ ಅಂದ. ಬಾಗಿಲು ತೆರೆದು ಒಂದು ಕುರ್ಚಿ ಹಾಕಿದೆ. ಅವನು ಹೇಳುತ್ತಾ ಹೋದ, ನಾನು ಟೈಪ್ ಮಾಡಿದೆ. ಆ ದಿನ ತಾಯಿಗೆ ಲೀವ್ ಸಿಕ್ಕ ಸುದ್ದಿ ಹೇಳುತ್ತಿದ್ದೆ. ತಾಯಿ ಅಳುತ್ತಿದ್ದರು. ಗೋಡೆಗೆ ತಟ್ಟಿದ್ದು ನಗುವಾಗ. ಅಲ್ಲಿ ಒಮ್ಮೆ ನಿಲ್ಲಿಸಿ, ನಾನು "ಬಡಿದ" ಅಂತ ಬರೆದಿಲ್ಲ ತಾನೇ ಅಂತ ಸ್ಕ್ರೀನಿನ ಕಡೆ ಬಾಗಿ ನೋಡಿದ. "ತಟ್ಟಿದ" ಅಂತಲೇ ಇತ್ತು. ಆಯ್ತು, ಸೇವ್ ಮಾಡಿ ಅಂದ.